ಅಂಗಡಿ ಸೈಟಿನಲ್ಲೇ ಬ್ಲಾಗ್ ಬರೆಯಬಹುದಾ? ಮೊದಲು ವಿಳಾಸ, ಆಮೇಲೆ ಬರಹ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸಿ ಮಾರುವವರು ಕೇಳುತ್ತಾರೆ. ಗಂಗಾವತಿಯ ಅಕ್ಕಿ ವ್ಯಾಪಾರಿಗಳು ಕೇಳುತ್ತಾರೆ. ಕಿನ್ನಾಳದ ಗೊಂಬೆಗಳನ್ನು ಆನ್‌ಲೈನ್‌ಗೆ ತಂದವರೂ ಕೇಳುತ್ತಾರೆ. ಪ್ರಶ್ನೆ ಒಂದೇ: "ಅಂಗಡಿ ಸೈಟ್ ಆಗಲೇ ಇದೆ. ಅದರಲ್ಲಿ ಬ್ಲಾಗ್ ಅಂತ ಒಂದು ಬಟನ್ನೂ ಇದೆ. ಅಲ್ಲೇ ಬರೆದರೆ ಸಾಕಲ್ವಾ? ಬೇರೆ ಸೈಟ್ ಯಾಕೆ?"

ವರ್ಷಕ್ಕೆ ಹತ್ತು ಹನ್ನೆರಡು ಲೇಖನ ಬರೆಯುವವರಿಗೆ ಸಾಕು. ವಾರಕ್ಕೊಂದು ಬರೆಯುತ್ತೀರಿ, ಬರಹ ಓದಲಿಕ್ಕೆಂದೇ ಜನ ಬರಬೇಕು ಅಂದುಕೊಂಡಿದ್ದೀರಿ ಅಂದರೆ ಸಾಲದು. ಆದರೆ ಎರಡೂ ಕಡೆ ತಪ್ಪದ ಒಂದು ಕೆಲಸ ಇದೆ. ಮೊದಲ ಲೇಖನ ಹಾಕುವ ಮುನ್ನವೇ ಅದರ ವಿಳಾಸ ಹೇಗಿರಬೇಕು ಎಂದು ತೀರ್ಮಾನ ಮಾಡಬೇಕು. ಬರಹವನ್ನು ಯಾವಾಗ ಬೇಕಾದರೂ ಎತ್ತಿ ಬೇರೆ ಕಡೆ ಇಡಬಹುದು. ವಿಳಾಸ ಹಾಗಲ್ಲ. ಅದು ಗೂಗಲ್‌ನಲ್ಲಿ, ಗಿರಾಕಿಗಳ ವಾಟ್ಸ್‌ಆ್ಯಪ್‌ನಲ್ಲಿ, ನಿಮ್ಮ ಪ್ಯಾಕೆಟ್ ಮೇಲಿನ ಕ್ಯೂಆರ್ ಕೋಡ್‌ನಲ್ಲಿ ಸೇರಿಕೊಂಡುಬಿಟ್ಟಿರುತ್ತದೆ.

ಅಂಗಡಿ ಸೈಟಿನ ಬ್ಲಾಗ್ ಯಾಕೆ ಅಷ್ಟಕ್ಕಷ್ಟೇ ಇರುತ್ತದೆ ಅಂತ ಗೊತ್ತಿದ್ದರೆ ಮುಂದಿನದು ಸುಲಭ. ಆನ್‌ಲೈನ್ ಅಂಗಡಿ ಕಟ್ಟಿಕೊಡುವ ಶಾಪಿಫೈ ಕೆನಡಾದಲ್ಲಿ 2006ರಲ್ಲಿ ಶುರುವಾಯಿತು. ಹಿಮದ ಮೇಲೆ ಜಾರುವ ಹಲಗೆಗಳನ್ನು ಮಾರಲು ಹೊರಟವರು ಮಾಡಿದ ವ್ಯವಸ್ಥೆ ಅದು. ಅದಕ್ಕೆ ಸರಕೇ ದೇವರು. ಬೆಲೆ, ಸೈಜು, ಬಣ್ಣ, ಸ್ಟಾಕು ಎಲ್ಲಕ್ಕೂ ಅಲ್ಲಿ ಬೇರೆ ಬೇರೆ ಖಾನೆ ಇದೆ. ವರ್ಡ್‌ಪ್ರೆಸ್ 2003ರಲ್ಲಿ ಬ್ಲಾಗ್ ಬರೆಯಲಿಕ್ಕೆಂದೇ ಹುಟ್ಟಿದ್ದು. ಅದಕ್ಕೆ ಅಂಗಡಿ ಸೇರಿಸುವ ವೂಕಾಮರ್ಸ್ ಬಂದಿದ್ದು 2011ರಲ್ಲಿ. ಅಂದರೆ ಒಬ್ಬರು ಅಂಗಡಿ ಮುಂದೆ ಕೂರಲು ಒಂದು ಕಟ್ಟೆ ಕಟ್ಟಿದರು, ಇನ್ನೊಬ್ಬರು ಕಟ್ಟೆ ಪಕ್ಕದಲ್ಲಿ ಅಂಗಡಿ ಹಾಕಿದರು. ಕಟ್ಟೆ ಮೇಲೆ ನಾಲ್ಕು ಮಾತಾಡಿ ಹೋಗುವವರಿಗೆ ಯಾವುದಾದರೂ ಆದೀತು. ದಿನಾ ಕೂರುವವರು ಮಾತ್ರ ನೋಡಿಕೊಂಡು ಕೂರಬೇಕು.

ಏನೇನು ಬೇಕು

ನಿಮ್ಮ ಹೆಸರಿನಲ್ಲೇ ಕೊಂಡ ಡೊಮೈನ್, ಅಂದರೆ ಸೈಟಿನ ಸ್ವಂತ ಹೆಸರು. ಅದರ ಲಾಗಿನ್ ಸೈಟ್ ಮಾಡಿಕೊಟ್ಟ ಹುಡುಗನ ಹತ್ತಿರ ಇದ್ದರೆ ಇವತ್ತೇ ಕೇಳಿ ಪಡೆಯಿರಿ. ಒಂದು ಲ್ಯಾಪ್‌ಟಾಪ್. ಮೊಬೈಲ್ ಆ್ಯಪ್‌ನಲ್ಲಿ ಆರ್ಡರ್ ನೋಡಬಹುದು, ಈ ಕೆಲಸ ಪೂರ್ತಿ ಆಗಲ್ಲ. ಬರೆಯಬೇಕೆಂದಿರುವ ಹತ್ತು ವಿಷಯಗಳ ಪಟ್ಟಿ. ಗೂಗಲ್ ಡ್ರೈವ್‌ನಲ್ಲಿ ಒಂದು ಖಾಲಿ ಫೋಲ್ಡರ್. ಎರಡು ಗಂಟೆ ಬಿಡುವು.

1. ನೀವು ಮಾರುತ್ತಿರುವುದು ಎಲ್ಲಿ?

ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಸಂತೆ ಇದ್ದ ಹಾಗೆ. ಅಲ್ಲಿ ನಿಮಗೆ ಬ್ಲಾಗ್ ಇಲ್ಲ. ಅಮೆಜಾನ್‌ನಲ್ಲಿ ಎ ಪ್ಲಸ್ ಕಂಟೆಂಟ್ ಎಂದು ಒಂದಿದೆ. ಸರಕಿನ ಕೆಳಗೆ ಚಿತ್ರ ಮತ್ತು ವಿವರಣೆ ಚೆನ್ನಾಗಿ ಜೋಡಿಸುವ ಜಾಗ ಅದು. ಅದಕ್ಕೆ ಬ್ರಾಂಡ್ ನೋಂದಣಿ ಬೇಕು, ಆ ನೋಂದಣಿಗೆ ಟ್ರೇಡ್‌ಮಾರ್ಕ್ ಬೇಕು. ಅದು ಸರಕಿನ ವಿವರಣೆಯೇ ಹೊರತು ಬ್ಲಾಗ್ ಅಲ್ಲ.

ಶಾಪಿಫೈ, ವಿಕ್ಸ್, ಬಿಗ್‌ಕಾಮರ್ಸ್ ಬಾಡಿಗೆ ಮಳಿಗೆ ಇದ್ದಂತೆ. ತಿಂಗಳಿಗಿಷ್ಟು ಕೊಡುತ್ತೀರಿ, ರಿಪೇರಿ ಚಿಂತೆ ಇಲ್ಲ. ಗೋಡೆ ಒಡೆಯುವ ಹಾಗೂ ಇಲ್ಲ.

ವೂಕಾಮರ್ಸ್ ಸ್ವಂತ ಮನೆ. ಹೋಸ್ಟಿಂಗ್, ಅಂದರೆ ಸೈಟಿನ ಫೈಲುಗಳನ್ನು ಇಡುವ ಕಂಪ್ಯೂಟರ್ ಜಾಗ, ಅದನ್ನು ನೀವೇ ಬಾಡಿಗೆಗೆ ಹಿಡಿಯಬೇಕು. ಅಪ್‌ಡೇಟ್, ಬ್ಯಾಕಪ್ ಎಲ್ಲ ನಿಮ್ಮದೇ ತಲೆನೋವು. ನೀವು ಈಗಾಗಲೇ ಇದರಲ್ಲಿದ್ದರೆ ಬೇರೆ ಬ್ಲಾಗ್ ಸೈಟಿನ ಯೋಚನೆ ಬಿಡಿ. 4ನೇ ಹಂತಕ್ಕೆ ಹೋಗಿ.

2. ಪಟ್ಟಿ ಬರೆದು ನೋಡಿ

ನಿಜವಾಗಿ ಬರೆಯಲು ಎಷ್ಟಿದೆ? ಕಿನ್ನಾಳದ ಗೊಂಬೆ ಮಾರುವವರ ಪಟ್ಟಿ ಹೀಗಿರಬಹುದು: ಗೊಂಬೆಗೆ ಬಳಸುವ ಹಗುರ ಮರ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಕಲಸಿ ಮಾಡುವ ಕಿಟ್ಟ, ಬಣ್ಣ ಹಾಕುವ ಬಗೆ, ಧೂಳು ಒರೆಸುವುದು ಹೇಗೆ, ಭೌಗೋಳಿಕ ಸೂಚಕ ಅಂದರೆ ಏನು, ಮದುವೆ ಉಡುಗೊರೆಗೆ ಯಾವುದು. ಆರೇಳು ಲೇಖನ. ಒಂದು ಸಲ ಚೆನ್ನಾಗಿ ಬರೆದರೆ ಐದು ವರ್ಷ ನಡೆಯುತ್ತದೆ. ಇದಕ್ಕೆ ಅಂಗಡಿ ಸೈಟಿನ ಬ್ಲಾಗೇ ಸಾಕು.

ಅಕ್ಕಿಯವರದು ಬೇರೆ ಕಥೆ. ಹೊಸ ಅಕ್ಕಿಗೆ ನೀರು ಎಷ್ಟು, ಹಳೆ ಅಕ್ಕಿಗೆ ಎಷ್ಟು, ಅನ್ನ ಯಾಕೆ ಮುದ್ದೆಯಾಗುತ್ತದೆ, ಸೋನಾ ಮಸೂರಿ ಯಾವ ಅಡುಗೆಗೆ ಒಗ್ಗುತ್ತದೆ, ಹುಳ ಬೀಳದಂತೆ ಇಡುವುದು ಹೇಗೆ. ಆಮೇಲೆ ಅಡುಗೆಗಳು. ಅದಕ್ಕೆ ಕೊನೆಯೇ ಇಲ್ಲ. ಇಂಥವರಿಗೆ ವಿಂಗಡಣೆ ಬೇಕು, ಹುಡುಕುವ ಸೌಲಭ್ಯ ಬೇಕು. ಮುಂದಿನ ಹಂತದ ಪರೀಕ್ಷೆ ಮುಖ್ಯವಾಗಿ ಇವರಿಗೇ.

3. ಒಂದು ಸುಳ್ಳು ಲೇಖನ ಹಾಕಿ ಪರೀಕ್ಷಿಸಿ

ಮಾರಾಟದ ಪುಟದಲ್ಲಿ ಬರೆದಿರುವ "ಸಂಪೂರ್ಣ ಬ್ಲಾಗಿಂಗ್ ಸೌಲಭ್ಯ" ಎಂಬ ಮಾತನ್ನು ನಂಬಬೇಡಿ. ಹೆಸರಿಗೆ ಒಂದು ಪರೀಕ್ಷಾ ಲೇಖನ ಬರೆದು, ಎರಡು ಚಿತ್ರ, ಒಂದು ಕೋಷ್ಟಕ, ಒಂದು ಸರಕು ಸೇರಿಸಿ ನೋಡಿ. ಶಾಪಿಫೈಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಈ ಕಡೆ ಜಾಸ್ತಿ ಜನ ಕೇಳುವುದು ಅದರ ಬಗ್ಗೆಯೇ.

ವಿಂಗಡಣೆ: ವರ್ಡ್‌ಪ್ರೆಸ್‌ನಲ್ಲಿ ವರ್ಗ, ಅದರೊಳಗೆ ಉಪವರ್ಗ, ಅದರ ಮೇಲೆ ಟ್ಯಾಗ್ ಎಲ್ಲ ಇವೆ. ಟ್ಯಾಗ್ ಅಂದರೆ ಲೇಖನಕ್ಕೆ ಅಂಟಿಸುವ ಗುರುತಿನ ಚೀಟಿ. ಶಾಪಿಫೈನಲ್ಲಿ ಟ್ಯಾಗ್ ಮಾತ್ರ. ಬೇಕಾದರೆ ಎರಡು ಮೂರು ಬ್ಲಾಗ್‌ಗಳನ್ನೇ ಮಾಡಬಹುದು. ಆದರೆ ಒಂದು ಲೇಖನ ಒಂದೇ ಬ್ಲಾಗ್‌ನಲ್ಲಿ ಇರಬೇಕು. "ಅಡುಗೆ" ಮತ್ತು "ಹಬ್ಬ" ಎರಡಕ್ಕೂ ಸೇರುವ ಲೇಖನ ಎಲ್ಲಿ ಹೋಗಬೇಕು? ಇಂಥ ಒಂದೊಂದು ಲೇಖನದಲ್ಲೂ ತಲೆ ಕೆಡುತ್ತದೆ.

ಲೇಖಕರ ಹೆಸರು: ಅಂಗಡಿಯ ಸಿಬ್ಬಂದಿ ಖಾತೆ ಇರುವವರ ಹೆಸರು ಮಾತ್ರ ಪಟ್ಟಿಯಲ್ಲಿ ಬರುತ್ತದೆ. ನಿಮ್ಮ ಅತ್ತೆಯ ಕೈಯಲ್ಲಿ ಅಡುಗೆ ಬರೆಸಿ ಅವರ ಹೆಸರು ಹಾಕಬೇಕೆಂದರೆ ಅವರಿಗೂ ಸಿಬ್ಬಂದಿ ಖಾತೆ ಬೇಕು. ಹಾಗಂತ ಅಂಗಡಿಯ ಪೂರ್ತಿ ಬೀಗದ ಕೈ ಕೊಟ್ಟುಬಿಡಬೇಡಿ. ಖಾತೆಗೆ ಬ್ಲಾಗ್ ಅನುಮತಿ ಮಾತ್ರ ಕೊಡಿ.

ಲೇಖನದ ನಡುವೆ ಸರಕು: ಸರಕಿನ ಚಿತ್ರ, ಬೆಲೆ, ಕೊಳ್ಳುವ ಬಟನ್ ಇಷ್ಟೂ ಬರಹದ ಮಧ್ಯೆ ತಾನಾಗಿ ಬರಬೇಕು ಅಂದುಕೊಂಡಿರುತ್ತೀರಿ. ಅಂಗಡಿಯದೇ ಬ್ಲಾಗ್ ಅಲ್ವಾ, ಇರಲೇಬೇಕು ಅನ್ನಿಸುತ್ತದೆ. ತಮಾಷೆ ಅಂದರೆ ಇದು ವೂಕಾಮರ್ಸ್‌ನಲ್ಲಿ ಸಲೀಸು, ಶಾಪಿಫೈನ ಬರೆಯುವ ಜಾಗದಲ್ಲಿ ಸಾಮಾನ್ಯವಾಗಿ ಕೈಯಾರೆ ಲಿಂಕ್ ಕೊಡಬೇಕು, ಇಲ್ಲವೇ ಹೆಚ್ಚಿನ ಆ್ಯಪ್ ಹಾಕಿಕೊಳ್ಳಬೇಕು.

ಹಳೆ ಪ್ರತಿ: ವರ್ಡ್‌ಪ್ರೆಸ್ ನೀವು ಉಳಿಸಿದ ಹಳೆಯ ರೂಪಗಳನ್ನೆಲ್ಲ ಇಟ್ಟುಕೊಳ್ಳುತ್ತದೆ. ತಪ್ಪಿ ಅರ್ಧ ಲೇಖನ ಅಳಿಸಿದರೂ ಹಿಂದಕ್ಕೆ ಹೋಗಬಹುದು. ನಿಮ್ಮ ವೇದಿಕೆಯಲ್ಲಿ ಪರೀಕ್ಷಾ ಲೇಖನದ ಒಂದು ಪ್ಯಾರಾ ಅಳಿಸಿ, ಉಳಿಸಿ, ಪುಟ ಮುಚ್ಚಿ ತೆರೆಯಿರಿ. ಆ ಪ್ಯಾರಾ ವಾಪಸ್ ತರಲು ಬರುತ್ತದಾ ನೋಡಿ. ಬರದಿದ್ದರೆ 8ನೇ ಹಂತ ನಿಮಗೆ ಕಡ್ಡಾಯ.

ಮುಂದಿನ ದಿನಾಂಕಕ್ಕೆ ಪ್ರಕಟಣೆ, ಪ್ರತಿಕ್ರಿಯೆಗಳನ್ನು ತಡೆದು ನೋಡುವುದು, ಗೂಗಲ್‌ನಲ್ಲಿ ಕಾಣುವ ಶೀರ್ಷಿಕೆ ಬದಲಿಸುವುದು ಇವೆಲ್ಲ ಶಾಪಿಫೈನಲ್ಲೂ ಇವೆ. ಅವುಗಳ ಬಗ್ಗೆ ಚಿಂತೆ ಬೇಡ.

4. ವಿಳಾಸ ಗಟ್ಟಿ ಮಾಡಿ

ಶಾಪಿಫೈನಲ್ಲಿ ಲೇಖನದ ವಿಳಾಸದ ಚೌಕಟ್ಟು ಬದಲಾಗುವುದಿಲ್ಲ. ಡೊಮೈನ್, ಆಮೇಲೆ "ಬ್ಲಾಗ್ಸ್" ಎಂಬ ಪದ, ಆಮೇಲೆ ನಿಮ್ಮ ಬ್ಲಾಗಿನ ಹೆಸರು, ಕೊನೆಗೆ ಲೇಖನದ ಸ್ಲಗ್. ಸ್ಲಗ್ ಅಂದರೆ ವಿಳಾಸದ ಕೊನೆಯ ತುಂಡು, ಒಂದೊಂದು ಲೇಖನಕ್ಕೂ ಬೇರೆ. ನಿಮ್ಮ ಕೈಯಲ್ಲಿರುವುದು ಕೊನೆಯ ಎರಡು ಮಾತ್ರ. ಹೊಸ ಅಂಗಡಿಯ ಮೊದಲ ಬ್ಲಾಗಿಗೆ "ನ್ಯೂಸ್" ಎಂದು ತಾನೇ ಹೆಸರಿಟ್ಟಿರುತ್ತದೆ. ಅನ್ನ ಮಾಡುವ ವಿಧಾನ "ನ್ಯೂಸ್" ಒಳಗೆ ಯಾಕಿರಬೇಕು? ಮೊದಲ ಲೇಖನ ಹಾಕುವ ಮುನ್ನ ಅದನ್ನು ಬದಲಿಸಿ. ಮೇಲಿನ ಹೆಸರು ಬದಲಿಸಿದರೆ ಸಾಲದು, ವಿಳಾಸದ ಖಾನೆಯಲ್ಲೂ ಬದಲಿಸಬೇಕು. ವೂಕಾಮರ್ಸ್ ಇದ್ದರೆ ಪರ್ಮಾಲಿಂಕ್ ಎಂಬ ಸೆಟ್ಟಿಂಗ್‌ನಲ್ಲಿ ಚೌಕಟ್ಟನ್ನೂ ನೀವೇ ಆರಿಸಬಹುದು. ದಿನಾಂಕ ಇಲ್ಲದ್ದನ್ನು ಆರಿಸಿ.

ಈಗ ಕನ್ನಡದವರಿಗೇ ಇರುವ ತೊಡಕು. ಕನ್ನಡದಲ್ಲಿ ಶೀರ್ಷಿಕೆ ಬರೆದರೆ ವರ್ಡ್‌ಪ್ರೆಸ್ ಅದನ್ನೇ ಸ್ಲಗ್ ಮಾಡುತ್ತದೆ. ಕಂಪ್ಯೂಟರ್ ಒಳಗೆ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ವಿಳಾಸದಲ್ಲಿ ಒಂದೊಂದು ಬೈಟ್ ಮೂರು ಅಕ್ಷರವಾಗಿ ಹಿಗ್ಗುತ್ತದೆ. ಅಂದರೆ ಒಂದು ಚಿಹ್ನೆಗೆ ಒಂಬತ್ತು ಅಕ್ಷರ. ವ್ಯಂಜನ, ಸ್ವರ ಚಿಹ್ನೆ, ಅರ್ಧಾಕ್ಷರದ ಗುರುತು ಎಲ್ಲ ಬೇರೆ ಬೇರೆ ಲೆಕ್ಕ. ವರ್ಡ್‌ಪ್ರೆಸ್‌ನಲ್ಲಿ ಸ್ಲಗ್‌ಗೆ ಇರುವ ಮಿತಿ 200. ಸುಮಾರು 22 ಚಿಹ್ನೆಗೆ ಮುಗಿಯಿತು.

ಲೆಕ್ಕ ಹಾಕಿ ನೋಡಿ. "ಕಿನ್ನಾಳದ" ಎಂಬುದರಲ್ಲಿ 8 ಚಿಹ್ನೆ, 72 ಅಕ್ಷರ. "ಗೊಂಬೆ" 45. "ತಯಾರಿಕೆ" 63. ನಡುವಿನ ಎರಡು ಗೆರೆ ಸೇರಿ 182 ಆಯಿತು. ಇದರ ಮುಂದೆ "ಹೇಗೆ" ಎಂದು ಬರೆದಿದ್ದರೆ ಅದು "ಹ" ಎಂದು ಅರ್ಧಕ್ಕೆ ನಿಂತುಬಿಡುತ್ತದೆ. ಮೇಲಾಗಿ ಈ ವಿಳಾಸವನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ಸರಮಾಲೆ ಕಾಣುತ್ತದೆ. ಮೋಸದ ಲಿಂಕ್ ಅಂತ ಗಿರಾಕಿ ಮುಟ್ಟುವುದಿಲ್ಲ.

ಅದಕ್ಕೇ ಶೀರ್ಷಿಕೆ ಕನ್ನಡದಲ್ಲಿರಲಿ, ಸ್ಲಗ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಮೂರು ನಾಲ್ಕು ಪದ ಇರಲಿ. ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಆಯಿತು. ಕನ್ನಡಾಭಿಮಾನಕ್ಕೆ ಇದರಿಂದ ಏನೂ ಕುಂದಿಲ್ಲ. ಸ್ಲಗ್‌ನಲ್ಲಿ ವರ್ಷ ಬೇಡ, ಬೆಲೆ ಬೇಡ. "ಈ ದೀಪಾವಳಿಗೆ" ಅನ್ನುವುದಂತೂ ಬೇಡವೇ ಬೇಡ. ಬರುವ ವರ್ಷ ಅದೇ ಲೇಖನ ತಿದ್ದಿ ಬಳಸಬೇಕಲ್ವಾ?

ಎಚ್ಚರಿಕೆ: ಕ್ಯೂಆರ್ ಕೋಡ್ ಅಚ್ಚು ಹಾಕಿಸುವುದು ಇದಾದ ಮೇಲೆ. ನನಗೆ ಗೊತ್ತಿರುವ ಒಬ್ಬರು ಅಕ್ಕಿ ಚೀಲಗಳ ಮೇಲೆ ಕೋಡ್ ಹಾಕಿಸಿದ ಮೇಲೆ ಬ್ಲಾಗಿನ ಹೆಸರು ಬದಲಿಸಿದರು. ಬದಲಿಸಿ ಅಂತ ಹೇಳಿದವನು ನಾನೇ. ಚೀಲ ಮುಗಿಯುವವರೆಗೂ ಆ ಕೋಡ್ "ಪುಟ ಸಿಗಲಿಲ್ಲ" ಎನ್ನುತ್ತಿತ್ತು.

5. ಬೇರೆ ಬ್ಲಾಗ್ ಬೇಕೇ ಬೇಕು ಎಂದಾದರೆ

ಬಾಡಿಗೆ ಮಳಿಗೆಯಲ್ಲಿದ್ದುಕೊಂಡು ವರ್ಡ್‌ಪ್ರೆಸ್ ಬ್ಲಾಗ್ ಬೇಕು ಎನ್ನುವವರಿಗೆ ಸರಳ ದಾರಿ ಸಬ್‌ಡೊಮೈನ್. ನಿಮ್ಮ ಡೊಮೈನ್ ಹೆಸರಿನ ಮುಂದೆ "ಬ್ಲಾಗ್" ಎಂದೋ "ಓದು" ಎಂದೋ ಒಂದು ಪದ ಮತ್ತು ಚುಕ್ಕಿ ಸೇರಿಸಿದರೆ ಅದು ಸಬ್‌ಡೊಮೈನ್. ಅಂಗಡಿ ಅಲ್ಲೇ ಇರುತ್ತದೆ, ಬರಹ ಬೇರೆ ಹೋಸ್ಟಿಂಗ್‌ನಲ್ಲಿ ಇರುತ್ತದೆ.

ಡೊಮೈನ್ ಕೊಂಡ ಕಡೆ ಲಾಗಿನ್ ಆಗಿ, ಡಿಎನ್‌ಎಸ್ ಪುಟ ತೆರೆಯಿರಿ. ಯಾವ ಹೆಸರು ಯಾವ ಕಂಪ್ಯೂಟರ್‌ಗೆ ಹೋಗಬೇಕು ಎಂಬ ಪಟ್ಟಿ ಅದು. ಏನೂ ಮುಟ್ಟುವ ಮುನ್ನ ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಹೊಸ ಸಾಲು ಒಂದನ್ನು ಮಾತ್ರ ಸೇರಿಸಿ. ಹೋಸ್ಟಿಂಗ್‌ನವರು ಅಂಕಿಗಳ ವಿಳಾಸ ಕೊಟ್ಟಿದ್ದರೆ ಎ ರೆಕಾರ್ಡ್, ಹೆಸರು ಕೊಟ್ಟಿದ್ದರೆ ಸಿನೇಮ್ ಎಂಬ ಬಗೆ ಆರಿಸಿ. ಎಂಎಕ್ಸ್ ಎಂದಿರುವ ಸಾಲುಗಳನ್ನು ಮುಟ್ಟಲೇಬೇಡಿ. ಅವು ನಿಮ್ಮ ಇಮೇಲ್‌ನವು. ಅಳಿಸಿದರೆ ಆರ್ಡರ್ ಮೇಲ್‌ಗಳು ನಿಂತುಹೋಗುತ್ತವೆ, ನಿಂತಿದ್ದು ನಿಮಗೆ ಗೊತ್ತೂ ಆಗುವುದಿಲ್ಲ.

ನಿಮ್ಮ ಸೈಟ್ ಗೂಗಲ್ ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಎಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ "ಡೊಮೈನ್" ಮಾದರಿಯಲ್ಲಿ ನೋಂದಾಯಿಸಿ. ಆಗ ಅಂಗಡಿ, ಬ್ಲಾಗ್ ಎರಡರ ಲೆಕ್ಕವೂ ಒಂದೇ ಕಡೆ ಸಿಗುತ್ತದೆ. ಒಂದೇ ಲೇಖನವನ್ನು ಎರಡೂ ಕಡೆ ಹಾಕಬೇಡಿ. ಯಾವುದನ್ನು ತೋರಿಸಬೇಕು ಅಂತ ಗೂಗಲ್ ತಾನೇ ಆರಿಸುತ್ತದೆ. ಅದು ಆರಿಸಿದ್ದು ನಿಮಗೆ ಬೇಕಾದದ್ದೇ ಆಗಿರಬೇಕೆಂದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ತಿಂಗಳಿಗೆ ಒಂದೆರಡು ಗಂಟೆ ಅಪ್‌ಡೇಟ್ ಮತ್ತು ಬ್ಯಾಕಪ್‌ಗೆ ಕೊಡಲು ಆಗದವರು ಈ ಹಂತಕ್ಕೆ ಕೈ ಹಾಕಬಾರದು. ನೋಡಿಕೊಳ್ಳದ ವರ್ಡ್‌ಪ್ರೆಸ್‌ಗಿಂತ ಇಕ್ಕಟ್ಟಾದ ಶಾಪಿಫೈ ಬ್ಲಾಗ್ ಎಷ್ಟೋ ಮೇಲು.

6. ಕನ್ನಡ ಸರಿಯಾಗಿ ಕಾಣುತ್ತಿದೆಯೇ?

ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ಕರಪತ್ರದ ಬರಹವನ್ನೇ ತಂದು ಅಂಟಿಸುವವರು ಬಹಳ. ಅದು ಹಳೆಯ "ನುಡಿ" ಅಥವಾ "ಬರಹ" ತಂತ್ರಾಂಶದ ಆಸ್ಕಿ ಅಕ್ಷರದಲ್ಲಿದ್ದರೆ ಸೈಟಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಬೀಳುತ್ತದೆ. ವೆಬ್‌ಗೆ ಯೂನಿಕೋಡ್ ಬೇಕು, ಅಂದರೆ ಎಲ್ಲ ಫೋನು ಕಂಪ್ಯೂಟರುಗಳೂ ಒಪ್ಪಿಕೊಂಡಿರುವ ಅಕ್ಷರ ಸಂಕೇತ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಒಂದು ಸಲ ಕಣ್ಣಾರೆ ಓದಿ. ತಪ್ಪಾಗುವುದು ಅಲ್ಲೇ.

ಅಂಗಡಿ ಥೀಮ್‌ಗಳನ್ನು, ಅಂದರೆ ಸೈಟಿನ ಸಿದ್ಧ ವಿನ್ಯಾಸಗಳನ್ನು, ಇಂಗ್ಲಿಷ್ ನೋಡಿಕೊಂಡು ಮಾಡಿರುತ್ತಾರೆ. ಸಾಲುಗಳ ನಡುವೆ ಜಾಗ ಕಡಿಮೆ. ನಮ್ಮ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ಕೆಲವು ಸಲ ಶೀರ್ಷಿಕೆಯಲ್ಲಿ ಕತ್ತರಿಸಿಯೇ ಹೋಗುತ್ತದೆ. ಪರೀಕ್ಷೆಗೆ "ರಾಷ್ಟ್ರ", "ಸ್ತ್ರೀ", "ಲಕ್ಷ್ಮಿ" ಎಂದು ಶೀರ್ಷಿಕೆ ಕೊಟ್ಟು ಮೊಬೈಲ್‌ನಲ್ಲಿ ನೋಡಿ. ಕತ್ತರಿಸಿದರೆ ಸಾಲಿನ ಎತ್ತರವನ್ನು 1.6 ಅಥವಾ 1.7 ಮಾಡಿಸಿ. ಅಕ್ಷರಗಳ ನಡುವಿನ ಅಂತರ ಎಂಬ ಸೆಟ್ಟಿಂಗ್ ಇದ್ದರೆ ಸೊನ್ನೆ ಮಾಡಿ. ಫಾಂಟ್ ಪಟ್ಟಿಯಲ್ಲಿ ಕನ್ನಡ ಇಲ್ಲದಿದ್ದರೆ ಓದುಗರ ಫೋನಿನ ಫಾಂಟೇ ಬರುತ್ತದೆ. ಅದು ತಪ್ಪೇನಲ್ಲ. ಎಲ್ಲ ಕಡೆ ಒಂದೇ ತರಹ ಕಾಣಬೇಕೆಂದರೆ ನೋಟೋ ಸಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ.

ಲೇಖನದ ಸಾರಾಂಶ ಎಂಬ ಖಾನೆಯನ್ನು ಖಾಲಿ ಬಿಡಬೇಡಿ. ಬಿಟ್ಟರೆ ಎಷ್ಟೋ ಥೀಮ್‌ಗಳು ಮೊದಲ ಕೆಲವು ಅಕ್ಷರಗಳನ್ನು ತಾವೇ ಕತ್ತರಿಸಿ ತೋರಿಸುತ್ತವೆ. ಪದ ಎಲ್ಲಿ ಮುಗಿಯುತ್ತದೆ ಎಂದು ಅವಕ್ಕೆ ಗೊತ್ತಿಲ್ಲ.

7. ಸರಕಿಗೆ ಲಿಂಕ್ ಕೊಡುವಾಗ

ಜೀನ್ಸ್‌ನವರೇ, ಇದು ಮುಖ್ಯವಾಗಿ ನಿಮಗೆ. ನಿಮ್ಮ ಡಿಸೈನ್ ನಂಬರುಗಳು ಸೀಸನ್‌ಗೊಂದು ಸಲ ಬದಲಾಗುತ್ತವೆ. "ಒಗೆದರೆ ಬಣ್ಣ ಬಿಡುತ್ತದಾ?" ಎಂಬ ಲೇಖನ ಮೂರು ವರ್ಷ ಓದಿಸಿಕೊಳ್ಳುತ್ತದೆ. ಅದರೊಳಗಿನ ಪ್ಯಾಂಟು ಮೂರು ತಿಂಗಳಿಗೆ ಸೈಟಿನಿಂದ ಹೋಗಿರುತ್ತದೆ. ಓದಿದವರು ಒತ್ತಿದರೆ ಖಾಲಿ ಪುಟ. ಆದ್ದರಿಂದ ಒಂದೊಂದು ಸರಕಿಗೆ ಲಿಂಕ್ ಕೊಡುವ ಬದಲು ಕಲೆಕ್ಷನ್‌ಗೆ ಕೊಡಿ. ಕಲೆಕ್ಷನ್ ಅಂದರೆ "ಗಂಡಸರ ಸ್ಟೋನ್ ವಾಷ್" ಎಂಬಂಥ ಗುಂಪಿನ ಪುಟ. ಒಳಗಿನ ಸರಕು ಬದಲಾದರೂ ಪುಟ ಉಳಿಯುತ್ತದೆ.

ಬೆಲೆಯನ್ನು ಬರಹದೊಳಗೆ ಬರೆಯಲೇಬೇಡಿ. ಲೇಖನದಲ್ಲಿ 650, ಅಂಗಡಿಯಲ್ಲಿ 720 ಇದ್ದರೆ ಗಿರಾಕಿ ಜಗಳಕ್ಕೆ ಬರುವುದು ಸಹಜ.

8. ಮೂಲ ಪ್ರತಿ ನಿಮ್ಮ ಹತ್ತಿರ ಇರಲಿ

ಶಾಪಿಫೈನಲ್ಲಿ ಸರಕುಗಳ ಪಟ್ಟಿಯನ್ನು ಒಂದೇ ಬಟನ್‌ನಲ್ಲಿ ಇಳಿಸಿಕೊಳ್ಳಬಹುದು. ಲೇಖನಗಳು ಆ ಫೈಲಿನಲ್ಲಿ ಬರುವುದಿಲ್ಲ. ಅದಕ್ಕೆ ಬೇರೆ ಆ್ಯಪ್ ಬೇಕು. ವರ್ಡ್‌ಪ್ರೆಸ್‌ನಲ್ಲಿ ಲೇಖನಗಳೆಲ್ಲ ಒಂದು ಎಕ್ಸ್‌ಎಂಎಲ್ ಫೈಲಾಗಿ ಇಳಿಯುತ್ತವೆ. ಆದರೆ ಅದರಲ್ಲಿ ಚಿತ್ರಗಳು ಇರುವುದಿಲ್ಲ, ಚಿತ್ರಗಳ ವಿಳಾಸ ಮಾತ್ರ ಇರುತ್ತದೆ. ಹಳೆ ಹೋಸ್ಟಿಂಗ್ ಮುಚ್ಚಿದ ಮೇಲೆ ಆ ವಿಳಾಸ ಇಟ್ಟುಕೊಂಡು ಏನು ಮಾಡುತ್ತೀರಿ?

ಅದಕ್ಕೇ ಮೊದಲು ಹೇಳಿದ ಆ ಖಾಲಿ ಫೋಲ್ಡರ್. ಲೇಖನವನ್ನು ಮೊದಲು ಗೂಗಲ್ ಡಾಕ್ಸ್‌ನಲ್ಲಿ ಬರೆಯಿರಿ, ಆಮೇಲೆ ಸೈಟಿಗೆ ಹಾಕಿ. ಸೈಟಿನಲ್ಲಿ ತಿದ್ದಿದರೆ ಇಲ್ಲೂ ತಿದ್ದಿ. ಚಿತ್ರಗಳ ಮೂಲ ಪ್ರತಿಗಳೂ ಅಲ್ಲೇ ಇರಲಿ. ಸೈಟಿಗೆ ಹಾಕುವ ಪ್ರತಿಯ ಅಗಲ 1200 ಪಿಕ್ಸೆಲ್ ಇದ್ದರೆ ಸಾಕು. ಜೊತೆಗೆ ಒಂದು ಶೀಟ್ ಮಾಡಿ: ಶೀರ್ಷಿಕೆ, ಪೂರ್ತಿ ವಿಳಾಸ, ಹಾಕಿದ ದಿನ, ಕೊಟ್ಟ ಲಿಂಕ್‌ಗಳು. ಸುಮ್ನೆ ಕೆಲಸ ಅನ್ನಿಸುತ್ತದೆ. ಜಾಗ ಬದಲಿಸುವ ದಿನ ಇದೇ ಶೀಟ್ ಹಿಡಿದು ಕೂರುತ್ತೀರಿ.

9. ಆಗಲೇ ಮೂವತ್ತು ನಲವತ್ತು ಲೇಖನ ಹಾಕಿ, ಈಗ ಜಾಗ ಬದಲಿಸುವವರು

ಹೊಸ ಜಾಗದಲ್ಲಿ ಲೇಖನಗಳನ್ನು ಹಾಕಿ, ಚಿತ್ರಗಳು ಬಂದಿವೆಯೇ ನೋಡಿ. ಬೇರೆ ವೇದಿಕೆಗೆ ಹೋಗುವಾಗ ಹಳೆಯ ಪ್ರತಿಕ್ರಿಯೆಗಳು ಸಾಮಾನ್ಯವಾಗಿ ತಾವಾಗಿ ಬರುವುದಿಲ್ಲ. ಬೆಲೆ ಬಾಳುವ ಒಂದೆರಡಿದ್ದರೆ ಲೇಖನದ ಕೆಳಗೆ ನೀವೇ ಸೇರಿಸಿ. ಆಮೇಲೆ ಒಂದೊಂದು ಹಳೆ ವಿಳಾಸಕ್ಕೂ 301 ರಿಡೈರೆಕ್ಟ್ ಕೊಡಿ. "ಈ ಮನೆಯವರು ಶಾಶ್ವತವಾಗಿ ಅಲ್ಲಿಗೆ ಹೋಗಿದ್ದಾರೆ" ಎಂಬ ಬೋರ್ಡ್ ಅದು. ಬಂದವರನ್ನು ತಾನೇ ಹೊಸ ವಿಳಾಸಕ್ಕೆ ಕಳಿಸುತ್ತದೆ.

ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ: ಶಾಪಿಫೈನಲ್ಲಿ ಹಳೆ ಲೇಖನ ಇನ್ನೂ ಜೀವಂತ ಇರುವವರೆಗೆ ಅದರ ರಿಡೈರೆಕ್ಟ್ ಕೆಲಸ ಮಾಡುವುದಿಲ್ಲ. ಪುಟ ಇಲ್ಲ ಎಂದಾದಾಗ ಮಾತ್ರ ಅದು ಬೋರ್ಡ್ ನೋಡುತ್ತದೆ. ರಿಡೈರೆಕ್ಟ್ ಸೇರಿಸಿ, ಆಮೇಲೆ ಹಳೆ ಲೇಖನವನ್ನು ಮರೆಮಾಡಿ. ಅಳಿಸುವುದು ಬೇಡ, ಮರೆಮಾಡಿದರೆ ಸಾಕು. ಎಲ್ಲ ಲೇಖನಗಳನ್ನೂ ಮುಖಪುಟಕ್ಕೆ ತಿರುಗಿಸುವ ಸೋಮಾರಿತನ ಬೇಡ. ಅನ್ನ ಮುದ್ದೆಯಾಗುವುದು ಯಾಕೆ ಅಂತ ಹುಡುಕಿಕೊಂಡು ಬಂದವರಿಗೆ ನಿಮ್ಮ ಮುಖಪುಟ ಯಾಕೆ ಬೇಕು?

ಈ ರಿಡೈರೆಕ್ಟ್‌ಗಳನ್ನು ಕಡಿಮೆ ಅಂದರೂ ಒಂದು ವರ್ಷ ಇಡಿ ಎಂದು ಗೂಗಲ್ಲೇ ಹೇಳುತ್ತದೆ. ಅಚ್ಚಾದ ಕ್ಯೂಆರ್ ಕೋಡ್ ಇದ್ದರೆ ತೆಗೆಯಲೇಬೇಡಿ. ಅಂಗಡಿಯನ್ನೂ ಬೇರೆ ವೇದಿಕೆಗೆ ಒಯ್ಯುತ್ತಿದ್ದರೆ ಹಳೆ ವೇದಿಕೆಯ ರಿಡೈರೆಕ್ಟ್‌ಗಳು ಜೊತೆಗೆ ಬರುವುದಿಲ್ಲ. ಹೊಸ ಕಡೆ ಮತ್ತೆ ಬರೆಯಬೇಕು. ಶೀಟ್ ಇದ್ದರೆ ಅರ್ಧ ದಿನದ ಕೆಲಸ.

ಎಲ್ಲ ಮುಗಿದ ಮೇಲೆ ಫೋನಿನಲ್ಲಿ ಇನ್‌ಕಾಗ್ನಿಟೋ ಕಿಟಕಿ ತೆರೆದು ಶೀಟಿನ ಹಳೆ ವಿಳಾಸಗಳನ್ನು ಒಂದೊಂದಾಗಿ ಒತ್ತಿ ನೋಡಿ. ಮಾಮೂಲಿ ಕಿಟಕಿಯಲ್ಲಿ ನೋಡಬೇಡಿ, ಬ್ರೌಸರ್ ಉಳಿಸಿಟ್ಟುಕೊಂಡ ಹಳೆ ಪುಟವನ್ನೇ ತೋರಿಸಬಹುದು. ಚೀಲದ ಮೇಲಿನ ಕೋಡ್ ಇದ್ದರೆ ಒಂದು ಚೀಲ ತರಿಸಿ ಅದನ್ನೂ ಸ್ಕ್ಯಾನ್ ಮಾಡಿ. ಎಲ್ಲ ಸರಿ ಎಂದಾದ ಮೇಲೆ, ಹಳೆ ಹೋಸ್ಟಿಂಗ್ ಒಂದಿದ್ದರೆ ಇನ್ನೊಂದು ತಿಂಗಳು ದುಡ್ಡು ಕಟ್ಟಿ ಹಾಗೇ ಇಟ್ಟುಕೊಳ್ಳಿ.